ಬಯಲಾಟ ರೆಕಾರ್ಡ್ ಮಾಡಲು ಯಾವ ರೆಕಾರ್ಡರ್?

ಊರಲ್ಲಿ ರಾತ್ರಿಯಿಡೀ ಯಕ್ಷಗಾನ ಇದೆ, ಮೇಳದವರು ಒಪ್ಪಿದ್ದಾರೆ. ಮೊಬೈಲಲ್ಲಿ ಭಾಗವತರ ಪದ ಚೆನ್ನಾಗಿಯೇ ಬರುತ್ತದೆ, ಆದರೆ ಚೆಂಡೆ ಶುರುವಾದ ತಕ್ಷಣ ಎಲ್ಲ ಒಡೆದು ಹೋಗುತ್ತದೆ. ಜಾಸ್ತಿ ಖರ್ಚಿಲ್ಲದೆ ಏನು ಕೊಳ್ಳಬಹುದು?

ಉತ್ತರ 1:
ಜೂಮ್ ಎಚ್‌1ಎನ್ ಅಥವಾ ಟಾಸ್ಕಾಮ್ ಡಿಆರ್-05ಎಕ್ಸ್ ನೋಡಿ. ಆಟೋ ಲೆವೆಲ್ (ರೆಕಾರ್ಡರ್ ದನಿಯ ಮಟ್ಟವನ್ನು ತಾನೇ ಹೊಂದಿಸುವುದು) ಮಾತ್ರ ಆಫ್ ಮಾಡಿ, ಇಲ್ಲದಿದ್ದರೆ ಚೆಂಡೆ ಪೆಟ್ಟಿಗೆ ಅದು ದನಿ ತಗ್ಗಿಸಿ, ಮಾತಿನ ಹೊತ್ತಿಗೆ ಮತ್ತೆ ಏರಿಸಿ, ಒಟ್ಟಾರೆ ಉಯ್ಯಾಲೆ ಆಡಿದ ಹಾಗೆ ಕೇಳುತ್ತದೆ. ಪೀಠಿಕೆಯಲ್ಲಿ ಚೆಂಡೆ ಜೋರಾದಾಗಲೇ ಲೆವೆಲ್ ಇಡಿ, ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸು ಇರಲಿ, ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ. 24 ಬಿಟ್‌ನಲ್ಲಿ (ದನಿಯನ್ನು ಹೆಚ್ಚು ಸೂಕ್ಷ್ಮವಾಗಿ ದಾಖಲಿಸುವ ಸೆಟ್ಟಿಂಗ್) ಇದ್ದರೆ ಮೆಲು ದನಿಯನ್ನು ಆಮೇಲೆ ಏರಿಸಿಕೊಳ್ಳಬಹುದು.

ಉತ್ತರ 2:
32 ಬಿಟ್ ಫ್ಲೋಟ್ (ಅತಿ ಮೆಲು ದನಿಯಿಂದ ಅತಿ ಜೋರಿನವರೆಗೆ ಲೆವೆಲ್ ಇಡದೆಯೇ ದಾಖಲಿಸುವ ವಿಧಾನ) ಇರುವ ಜೂಮ್‌ನ ಎಚ್‌1 ಎಸೆನ್ಷಿಯಲ್ ತಗೊಂಡರೆ ಲೆವೆಲ್ ತಲೆನೋವೇ ಇಲ್ಲ ಅಲ್ವಾ?

ಉತ್ತರ 1:
ಲೆವೆಲ್ ಮಟ್ಟಿಗೆ ಹೌದು. ಆದರೆ ಮೈಕಿಗೂ ಒಂದು ಮಿತಿ ಇದೆ, ಚೆಂಡೆ ಪಕ್ಕದಲ್ಲೇ ಇಟ್ಟರೆ ಅದೂ ಒಡೆಯುತ್ತದೆ. ಸ್ವಲ್ಪ ದೂರದಲ್ಲಿ, ಭಾಗವತರ ಕಡೆಗೆ ಮುಖ ಮಾಡಿ, ಸ್ಟ್ಯಾಂಡ್ ಮೇಲೆ ಇಡಿ. ರಂಗಸ್ಥಳದ ಹಲಗೆ ಮೇಲೆ ಇಟ್ಟರೆ ಕುಣಿತದ ದಡಬಡ ಸದ್ದೇ ತುಂಬುತ್ತದೆ.

ಉತ್ತರ 3:
ಮೆಮೊರಿ ಕಾರ್ಡಿನ ಲೆಕ್ಕ ಹೇಳ್ತೀನಿ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋ ವೇವ್ ಫೈಲ್ ಗಂಟೆಗೆ ಸುಮಾರು 1 ಜಿಬಿ, 8 ಗಂಟೆಯ ಆಟಕ್ಕೆ 16 ಜಿಬಿ ಕಾರ್ಡ್ ಧಾರಾಳ. ನಡುವೆ ಬ್ಯಾಟರಿ ಸತ್ತರೆ ಫೈಲ್ ಸರಿಯಾಗಿ ಮುಚ್ಚದೆ ಕೆಡಬಹುದು, ಹಾಗಾಗಿ ಪ್ರಸಂಗದ ಮಧ್ಯೆ ಬಿಡುವು ಸಿಕ್ಕಾಗ ಒಮ್ಮೆ ನಿಲ್ಲಿಸಿ ಹೊಸ ಸೆಲ್ ಹಾಕಿ. ಬಯಲಲ್ಲಿ ಗಾಳಿ ಬೇರೆ, ಮೈಕಿಗೆ ತುಪ್ಪಳದ ಕವಚ ಇಲ್ಲದೆ ಹೋಗಲೇಬೇಡಿ.