ಎಐ ಬರೆದ ಕೋಡ್ ಅಪ್ರೂವ್ ಮಾಡುವ ಮುಂಚೆ ನೀವೇನು ನೋಡುತ್ತೀರಿ?

ಬೆಳಗಾವಿ, ಟಿಳಕವಾಡಿಯಿಂದ:
ನಮ್ಮದು ಐದು ಜನರ ಆಫೀಸು. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಹುಡುಗರೆಲ್ಲ ಈಗ ಎಐ ಕೈಯಲ್ಲೇ ಕೋಡ್ ಬರೆಸುತ್ತಾರೆ. ಮೊದಲು ದಿನಕ್ಕೆ ಎರಡು ಪುಲ್ ರಿಕ್ವೆಸ್ಟ್ (ಈ ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಬಂದರೆ ಜಾಸ್ತಿ, ಈಗ ಎಂಟು-ಹತ್ತು. ಅಪ್ರೂವ್ ಮಾಡುವವಳು ನಾನೊಬ್ಬಳೇ. ಕೋಡ್ ನೋಡಲು ಚೆನ್ನಾಗಿಯೇ ಇರುತ್ತದೆ, ಅದನ್ನು ಪರೀಕ್ಷಿಸುವ ಟೆಸ್ಟ್ ಎಲ್ಲ ಹಸಿರು, ಅಂದರೆ ಪಾಸ್. ಸಂಜೆ ಆರಾದರೆ ಕಣ್ಣು ಸುಮ್ನೆ ಮೇಲಿಂದ ಕೆಳಗೆ ಜಾರುತ್ತದೆ, ಬಟನ್ ಒತ್ತಿಬಿಡುತ್ತೇನೆ. ನೀವು ಹೇಗೆ ಮಾಡುತ್ತೀರಿ? ಎಡವಿದ್ದರೂ ಹೇಳಿ, ಸಂಕೋಚ ಬೇಡ.

ಬಾಗಲಕೋಟೆ, ನವನಗರದಿಂದ:
ಅಕ್ಕಾರೆ, ಎಡವಿದವನು ನಾನಿದ್ದೇನೆ. ಒಂದು ಸಕ್ಕರೆ ಕಾರ್ಖಾನೆಯ ಕಾಟಾಕ್ಕೆ ನಮ್ಮ ಸಾಫ್ಟ್‌ವೇರ್ ಇದೆ. ಕಬ್ಬಿನ ಗಾಡಿಯನ್ನು ತುಂಬಿದಾಗ ಒಮ್ಮೆ, ಖಾಲಿಯಾದ ಮೇಲೆ ಒಮ್ಮೆ ತೂಗುತ್ತಾರೆ. ಮೊದಲನೆಯದರಲ್ಲಿ ಎರಡನೆಯದು ಕಳೆದರೆ ರೈತನ ತೂಕ. ದಿನದ ರಿಪೋರ್ಟ್ ನಿಧಾನ ಆಗಿದೆ, ಸರಿಮಾಡು ಅಂತ ಎಐಗೆ ಕೊಟ್ಟೆವು. ರಿಪೋರ್ಟ್ ಚುರುಕಾಯಿತು. ಆದರೆ ಯಾರೂ ಹೇಳದಿದ್ದರೂ, ಸಮಯವನ್ನು ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ) ತಿರುಗಿಸಿ ತಾರೀಖು ತೆಗೆಯುವ ಒಂದು ಲೈನ್ ಜೊತೆಗೆ ಬಂದಿತ್ತು. ನಮ್ಮ ಗಡಿಯಾರ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ಹಾಗಾಗಿ ರಾತ್ರಿ 12ರಿಂದ ಬೆಳಗಿನ ಜಾವ 5.30ರವರೆಗೆ ತೂಗಿದ್ದೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಹೋಯಿತು. ನುರಿಸುವ ಹಂಗಾಮಿನಲ್ಲಿ ಗಾಡಿ ಸಾಲು ರಾತ್ರಿಯಿಡೀ ಕರಗುವುದಿಲ್ಲ, ನೀವೂ ಆ ಕಡೆಯವರೇ, ಗೊತ್ತಲ್ವಾ.

ಮತ್ತೆ ಟೆಸ್ಟ್ ಹೇಗೆ ಹಸಿರಿತ್ತು? ಅದನ್ನೂ ಎಐಯೇ ಬರೆದಿತ್ತು. ಅದರ ಪ್ರಕಾರ ಎಲ್ಲ ಗಾಡಿಯೂ ಬೆಳಗ್ಗೆ 10ಕ್ಕೇ ಬರುತ್ತದೆ! 'ಸರ್, ರಾತ್ರಿ ಪಾಳಿ ಚೀಟಿ ಎಲ್ಲಾ ನಿನ್ನಿ ತಾರೀಖಿಗೆ ಕುಂತಾವ್ರೀ' ಅಂತ ಕಾಟಾದ ಹುಡುಗ ಫೋನ್ ಮಾಡಿದ ಮೇಲೇ ನಮಗೆ ಗೊತ್ತಾಗಿದ್ದು. ಅಪ್ರೂವ್ ಒತ್ತಿದವನು ನಾನೇ, ಯಾರನ್ನು ಬೈಯಲಿ?

ಈಗ ಮೊದಲು ಟೆಸ್ಟ್ ಫೈಲ್ ಓದುತ್ತೇನೆ, ಕೋಡ್ ಆಮೇಲೆ. ಟೆಸ್ಟಿನ ಹೆಸರಲ್ಲ, ಒಳಗಿರುವ ಅಂಕಿ ನೋಡುತ್ತೇನೆ. ಹಳೇ ಟೆಸ್ಟ್ ಅಳಿಸಿದ್ದರೆ, ಬರಬೇಕಾದ ಉತ್ತರವನ್ನೇ ತಿದ್ದಿದ್ದರೆ, ಅಲ್ಲಿಗೇ ನಿಲ್ಲಿಸಿ ಕೇಳುತ್ತೇನೆ. ರಾತ್ರಿ 11.50ಕ್ಕೆ ತುಂಬಿ ತೂಗಿ 12.20ಕ್ಕೆ ಖಾಲಿ ತೂಗಿದ ಒಂದು ಗಾಡಿಯ ಟೆಸ್ಟನ್ನು ನಾನೇ ಕೂತು ಬರೆದಿದ್ದೇನೆ. ಎಐ ಆ ಫೈಲ್ ಮುಟ್ಟಿದರೆ ಮರ್ಜ್ ಇಲ್ಲ, ಆ ಬದಲಾವಣೆ ಒಳಗೆ ಸೇರುವುದಿಲ್ಲ.

ವಿಜಯಪುರದಿಂದ:
ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜ್‌ನ ಬಿಲ್ಲಿಂಗ್ ನಮ್ಮದು. ದರ ಸಿಗದಿದ್ದರೆ ಎರರ್ ತೋರಿಸಬೇಕು. ಎಐ ಅದನ್ನು ಸೊನ್ನೆ ಅಂದುಕೊಂಡು ಮುಂದೆ ಹೋಗುವಂತೆ ಬರೆದಿತ್ತು. ಮೂರು ತಿಂಗಳ ಬಾಡಿಗೆ ಸೊನ್ನೆ ರೂಪಾಯಿ ಅಂತ ಬಿಲ್ ಬಂತು. ಗಿರಾಕಿ ದೂರು ಹೇಳಲಿಲ್ಲ ಬಿಡಿ! ಎರರ್ ಬಾಯಿ ಮುಚ್ಚಿಸುವ ಕೋಡ್ ಎಲ್ಲಿ ಕಂಡರೂ ವಾಪಸ್ ಕಳಿಸಿ.

ಹೊಸ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಸೇರಿದ್ದರೂ ಹುಷಾರು. ಎಐ ಒಮ್ಮೊಮ್ಮೆ ಇಲ್ಲದ ಲೈಬ್ರರಿಯ ಹೆಸರನ್ನು ಇದ್ದಹಾಗೆಯೇ ಬರೆಯುತ್ತದೆ. ಕಳ್ಳರು ಅದೇ ಹೆಸರಿನಲ್ಲಿ ಎನ್‌ಪಿಎಂ, ಪೈಪಿಐನಂಥ ಲೈಬ್ರರಿ ಸಿಗುವ ತಾಣದಲ್ಲಿ ಕೆಟ್ಟ ಪ್ಯಾಕೇಜ್ ಹಾಕಿಟ್ಟಿದ್ದರೆ ಮುಗಿಯಿತು. ಈ ಆಟಕ್ಕೆ ಸ್ಲಾಪ್‌ಸ್ಕ್ವಾಟಿಂಗ್ ಅಂತ ಹೆಸರೂ ಬಿದ್ದಿದೆ. ಇನ್ನು, 200 ಲೈನ್ ದಾಟಿದ ಪುಲ್ ರಿಕ್ವೆಸ್ಟ್ ನಾನು ತೆರೆಯುವುದೇ ಇಲ್ಲ, ತುಂಡು ಮಾಡಿ ತನ್ನಿ ಅನ್ನುತ್ತೇನೆ.

ಬಾಗಲಕೋಟೆ, ನವನಗರದಿಂದ:
ತುಂಡು ಮಾಡಿಸುವುದು ಸರಿ ಅಣ್ಣಾ. ಆದರೆ ನನ್ನನ್ನು ಕೆಡವಿದ್ದು ಒಂದೇ ಲೈನ್.

ಗೋಕಾಕದಿಂದ:
ನಾನು ಜೂನಿಯರ್, ಬರೆಸುವ ಕಡೆಯವನು. ನಮ್ಮ ಸೀನಿಯರ್ ಯಾವುದಾದರೂ ಒಂದು ಲೈನ್ ಮೇಲೆ ಬೆರಳಿಟ್ಟು, 'ಇದನ್ನು ತೆಗೆದರೆ ಏನಾಗುತ್ತದೆ?' ಅನ್ನುತ್ತಾರೆ. ಉತ್ತರ ಬರದಿದ್ದರೆ ವಾಪಸ್. ಮೊದಲ ವಾರ ಸಿಟ್ಟು ಬರುತ್ತಿತ್ತು. ಈಗ ಕಳಿಸುವ ಮುಂಚೆ ನಾನೇ ಒಂದೊಂದು ಲೈನ್ ತೆಗೆದು ನೋಡುತ್ತೇನೆ. ಬೇಡದ್ದು ಎಷ್ಟು ಸಿಗುತ್ತದೆ ಗೊತ್ತಾ!

ಬೆಳಗಾವಿ, ಟಿಳಕವಾಡಿಯಿಂದ:
ಬಾಗಲಕೋಟೆಯವರ ಕಥೆ ಓದಿ ಈಗಷ್ಟೇ ನಮ್ಮ ಟೆಸ್ಟ್ ತೆಗೆದು ನೋಡಿದೆ. ಸಿಹಿ ಅಂಗಡಿಯ ಬಿಲ್ಲಿಂಗ್. ಅದರಲ್ಲಿ ಬರುವ ಗಿರಾಕಿಗಳೆಲ್ಲ ಸರಿಯಾಗಿ ಒಂದು ಕಿಲೋ ಕುಂದಾವನ್ನೇ ಕೊಳ್ಳುತ್ತಾರೆ. ಪಾವ್ ಕಿಲೋ ಇದುವರೆಗೂ ಯಾರೂ ಕೇಳಿಲ್ಲ! ಬಾಕಿ ಇರುವ ಎರಡು ಅಪ್ರೂವಲ್ ನಾಳೆಗಿಟ್ಟು ಮನೆಗೆ ಹೊರಟಿದ್ದೇನೆ.