ಹವಾಯಿಗೆ ಹೋಗೋಕೆ ಹಳೇ ಭಾರದ ಬೋಟಾ, ಹೊಸ ಹಗುರದ್ದಾ? ಅನುಭವ ಇರೋರು ಹೇಳಿ

ಕೇಳಿದ್ದು, ಸ್ಯಾನ್ ಹೋಸೆಯಿಂದ:
ನಮಸ್ಕಾರ ಎಲ್ರಿಗೂ. ಊರು ಕುಮಟಾ, ಇರೋದು ಕ್ಯಾಲಿಫೋರ್ನಿಯಾದಲ್ಲಿ. ನಾಲ್ಕು ವರ್ಷದಿಂದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಒಳಗೆ ಬಾಡಿಗೆ ಹಾಯಿದೋಣಿ ಓಡಿಸ್ತಿದೀನಿ, ಈಗ ಸ್ವಂತದ್ದು ತಗೊಂಡು ಮುಂದಿನ ವರ್ಷ ನಾನೂ ಹೆಂಡ್ತಿನೂ ಹವಾಯಿಗೆ ಹೋಗಿ ಬರೋಣ ಅಂತ. ಎರಡು ನೋಡಿದೀವಿ. ಒಂದು 1976ರ ವೆಸ್ಟ್‌ಸೇಲ್ 32, 32 ಅಡಿದು, ಕೀಲ್ ಅಂದ್ರೆ ಬೋಟಿನ ಅಡಿಗೆ ಇಳಿದಿರೋ ಭಾರದ ಭಾಗ ತಳದುದ್ದಕ್ಕೂ ಇರೋದು. ಇನ್ನೊಂದು 36 ಅಡಿ, ಈಚಿನದು, ಫಿನ್ ಕೀಲ್, ಅಂದ್ರೆ ನಡುವೆ ಮಾತ್ರ ಮೀನಿನ ರೆಕ್ಕೆ ತರ ಇಳಿದಿರೋ ಕೀಲ್, ಅಗಲ 12 ಅಡಿ, ತೂಕ 13,500 ಪೌಂಡ್, ಒಳಗೆ ಹೋದ್ರೆ ಫ್ಲ್ಯಾಟ್ ತರ ಇದೆ. ಹಳೇದು ತುಂಬಾ ನಿಧಾನ ಅಂತ ಕಂಡೋರೆಲ್ಲ ಹೆದರಿಸ್ತಿದಾರೆ. ಏನ್ ಮಾಡ್ಲಿ?

ಅಲಮೀಡಾದಿಂದ:
ಸಾರ್, ನನ್ನತ್ರ ವೆಸ್ಟ್‌ಸೇಲ್ 32 ಒಂಬತ್ತು ವರ್ಷದಿಂದ ಇದೆ, ಹವಾಯಿಗೆ ಎರಡು ಸಲ ಹೋಗಿ ಬಂದಿದೀನಿ. ನಿಧಾನ ಅನ್ನೋದು ಸುಳ್ಳಲ್ಲ, ಇಲ್ಲಿ ಇದಕ್ಕೆ ವೆಟ್‌ಸ್ನೇಲ್ ಅಂತಾನೇ ಅಡ್ಡಹೆಸರು, ಒದ್ದೆ ಬಸವನಹುಳು. ಆದ್ರೆ ಎಷ್ಟು ನಿಧಾನ ಅಂತ ಲೆಕ್ಕ ಹಾಕಿ ನೋಡಿ. ಇಂಥ ಬೋಟಿನ ವೇಗಕ್ಕೆ ಮಿತಿ ಇರೋದು ನೀರಿನ ಗೆರೆಯ ಉದ್ದದಲ್ಲಿ, ಅಂದ್ರೆ ನೀರಿನ ಮಟ್ಟದಲ್ಲಿ ಬೋಟ್ ಎಷ್ಟುದ್ದ ಇದೆ ಅನ್ನೋದ್ರಲ್ಲಿ, ಆ ಅಡಿಯ ವರ್ಗಮೂಲ ತೆಗೆದು 1.34ರಿಂದ ಗುಣಿಸಿದ್ರೆ ಸುಮಾರಾಗಿ ನಾಟ್ (ಗಂಟೆಗೆ ಒಂದು ನಾಟಿಕಲ್ ಮೈಲಿ, 1.85 ಕಿ.ಮೀ.) ಸಿಗುತ್ತೆ. ನಂದು 27.5 ಅಡಿ, ಅಂದ್ರೆ 7 ನಾಟ್. ನಿಮ್ಮ ಇನ್ನೊಂದು 31 ಅಡಿ ಇದೆ ಅಂತಿಟ್ಕೊಳ್ಳಿ, ಏಳೂವರೆ ಬರುತ್ತೆ. ಅಷ್ಟೇ. ನಿಜವಾದ ಫರಕು ತಿಳಿಯೋದು ಗಾಳಿ ಸತ್ತಾಗ, 8 ನಾಟ್ ಗಾಳಿಲಿ ಹಗುರದ್ದು ಓಡ್ತಾನೇ ಇರುತ್ತೆ, ನಂದು 19,500 ಪೌಂಡಿನ ಎಮ್ಮೆ, ಕೆರೆಲಿ ಮಲಗಿದ್ರೆ ಏಳೋದೇ ಇಲ್ಲ.

ಹೋಗೋವಾಗ 2,100 ನಾಟಿಕಲ್ ಮೈಲಿಗೆ ನಂಗೆ 21 ದಿನ ಹಿಡೀತು. ಮೊದಲ ಮೂರು ದಿನ ಚಳಿ, ವಾಯುವ್ಯದ ಗಾಳಿ, ಪಕ್ಕೆಗೆ ಅಲೆ ಹೊಡೆದು ಹಾಸಿಗೆವರೆಗೂ ಒದ್ದೆ, ಆಮೇಲೆ ವಾಣಿಜ್ಯ ಮಾರುತ ಅನ್ನೋ ಈಶಾನ್ಯ ಗಾಳಿ ಬೆನ್ನಿಗೆ ಸಿಕ್ತು ಅಂದ್ರೆ ಯಾವ ಬೋಟಾದ್ರೂ ಹೋಗುತ್ತೆ ಬಿಡಿ. ಬೋಟಿನ ಬಂಡವಾಳ ಗೊತ್ತಾಗೋದು ವಾಪಸ್ ಬರೋವಾಗ, ಇದನ್ನ ಯಾರೂ ಮೊದಲೇ ಹೇಳಲ್ಲ. ಅದೇ ಈಶಾನ್ಯ ಗಾಳಿ ಈಗ ಮುಖಕ್ಕೆ. ನೇರ ಬರೋಕಾಗಲ್ಲ, ಉತ್ತರಕ್ಕೆ ಏರಿ ಪೆಸಿಫಿಕ್ ಹೈ ಅನ್ನೋ ಗಾಳಿಯಿಲ್ಲದ ಜಾಗ ಬಳಸ್ಕೊಂಡು ಆಮೇಲೆ ಪೂರ್ವಕ್ಕೆ ತಿರುಗ್ಬೇಕು, ಅಲ್ಲೀವರೆಗೆ ವಾರಗಟ್ಟಲೆ ಒಂದೇ ಮಗ್ಗುಲಿಗೆ ವಾಲ್ಕೊಂಡೇ ಜೀವನ. ಕುಕ್ಕರ್ ಇಟ್ಟಿರೋ ಒಲೆ ತೂಗ್ತಾ ನೆಟ್ಟಗಿರುತ್ತೆ, ವಾಲಿರೋದು ನಾವು, ಸೊಂಟಕ್ಕೆ ಬೆಲ್ಟ್ ಹಾಕಿ ಕಟ್ಟೆಗೆ ಬಿಗಿದ್ಕೊಂಡು ಅನ್ನ ಬಡಿಸ್ಬೇಕು. ಆ ವಾರ ಭಾರದ ಬೋಟ್ ಅಲೆ ಸೀಳ್ಕೊಂಡು ಹೋಗುತ್ತೆ, ಮಲಗಿದೋರಿಗೆ ನಿದ್ದೆ ಬರುತ್ತೆ.

ಬೈಬೇಕಾದ್ದನ್ನೂ ಬೈತೀನಿ. ಗಾಳಿ 15 ನಾಟ್ ದಾಟ್ತಿದ್ದಂಗೆ ಇದು ಗಾಳಿ ಕಡೆಗೇ ಮೂತಿ ತಿರುಗ್ಸುತ್ತೆ, ಟಿಲ್ಲರ್, ಅಂದ್ರೆ ಚುಕ್ಕಾಣಿ ಹಿಡಿ, ಎಳೆದು ಎಳೆದು ರಟ್ಟೆ ಬಿದ್ದೋಗುತ್ತೆ. ದೊಡ್ಡ ಹಾಯಿಗೆ ಬೇಗ ರೀಫ್ ಹಾಕಿ ಚಿಕ್ಕದು ಮಾಡಿದ್ರೆ ಸರಿಹೋಗುತ್ತೆ, ನಂಗಿದು ಗೊತ್ತಾಗೋಕೆ ಒಂದು ವರ್ಷ ಬೇಕಾಯ್ತು. ಇನ್ನು ರಿವರ್ಸ್ ಅಂತೂ ಕೇಳ್ಬೇಡಿ. ಮೊದಲನೇ ದಿನ ಎಡಕ್ಕೆ ಹೋಗ್ಲಿ ಅಂದ್ರೆ ಬಲಕ್ಕೆ ಹೋಗಿ ಪಕ್ಕದೋರ ಬೋಟಿಗೆ ಅಡ್ಡಡ್ಡ ನಿಂತ್ಕೊಂಡ್ತು, ನನ್ ಹೆಂಡ್ತಿ ಒಂದು ಕೈಲಿ ಫೆಂಡರ್, ಇನ್ನೊಂದು ಕೈಲಿ ಹಣೆ ಹಿಡ್ಕೊಂಡಿದ್ಲು.

ಆಕ್ಲೆಂಡ್‌ನಿಂದ, ಊರು ಮಂಗಳೂರು:
ಅಲಮೀಡಾದವರು ಹೇಳಿದ್ದು ಸರಿ, ಆದ್ರೆ ಹಗುರದ ಬೋಟಿಗೂ ವಕಾಲತ್ತು ಬೇಕಲ್ಲ ಮಾರಾಯ್ರೆ. ನಾವು ಫಿನ್ ಕೀಲ್ 38 ಅಡಿಯದ್ರಲ್ಲಿ ನ್ಯೂಜಿಲೆಂಡಿನ ಓಪುವಾದಿಂದ ಫಿಜಿಗೆ ಹೋಗಿದ್ದು, ಹತ್ತಿರ ಹತ್ತಿರ 1,050 ಮೈಲಿ, ಎಂಟು ದಿನದಲ್ಲಿ ಮುಟ್ಟಿದ್ದು. ದಿನಕ್ಕೆ 130 ಮೈಲಿ ಅಂದ್ರೆ ಹಿಂದೆ ಬರುವ ಕೆಟ್ಟ ಹವೆಗೆ ಸಿಗದೆ ಜಾರಿಕೊಳ್ಳುವ ಅವಕಾಶ, ವೇಗ ಕೂಡ ಒಂದು ಸುರಕ್ಷೆಯೇ. ಆದ್ರೆ ಎದುರು ಅಲೆಗೆ ಚಪ್ಪಟೆ ತಳ ದಬ್ ದಬ್ ಅಂತ ಬೀಳ್ತದೆ, ಮೂರನೇ ರಾತ್ರಿ ರಡರ್ (ಚುಕ್ಕಾಣಿ) ದಂಡ ಒಳಗೆ ಬರುವ ಜಾಗದಲ್ಲಿ ನೀರು ಜಿನುಗಲಿಕ್ಕೆ ಶುರು, ನಾನು ಟಾರ್ಚ್ ಕಚ್ಚಿಕೊಂಡು ಹಿಂದಿನ ಗೂಡಲ್ಲಿ ಮಲಗಿ ಬಟ್ಟೆ ಹಿಂಡ್ತಾ ಕೂತದ್ದು. ಬೇರಿಂಗ್ ಸವೆದಿತ್ತು, ಹೊರಡುವ ಮುಂಚೆ ನೋಡದ್ದು ನನ್ನದೇ ತಪ್ಪು. ಉದ್ದ ಕೀಲಿನಲ್ಲಿ ರಡರ್ ಕೀಲಿಗೇ ಅಂಟಿಕೊಂಡಿರ್ತದೆ, ಮರದ ದಿಮ್ಮಿ ಬಡಿದ್ರೂ ಪೆಟ್ಟು ಮೊದಲು ಕೀಲಿಗೆ.

1979ರಲ್ಲಿ ಇಂಗ್ಲೆಂಡಿನ ಫಾಸ್ಟ್‌ನೆಟ್ ಹಾಯಿದೋಣಿ ರೇಸ್‌ನಲ್ಲಿ 15 ನಾವಿಕರು ತೀರಿಕೊಂಡ ಮೇಲೆ ಮಗುಚುವ ಅಪಾಯ ಅಂದಾಜಿಸ್ಲಿಕ್ಕೆ ಒಂದು ಸೂತ್ರ ಬಂತು: ಪೌಂಡಿನ ತೂಕವನ್ನು 64ರಿಂದ ಭಾಗಿಸಿ ಘನಮೂಲ ತೆಗೀರಿ, ಅದ್ರಿಂದ ಅಡಿಯ ಅಗಲವನ್ನು ಭಾಗಿಸಿ, 2ಕ್ಕಿಂತ ಕಮ್ಮಿ ಇರ್ಬೇಕು. ನಿಮ್ಮ 36 ಅಡಿಯದ್ದು 2.02, ವೆಸ್ಟ್‌ಸೇಲ್ 11 ಅಡಿ ಅಗಲಕ್ಕೆ 1.63. ಸೂತ್ರ ಒರಟು, ಭಾರ ಮೇಲಿದೆಯಾ ಕೆಳಗಿದೆಯಾ ಅಂತ ಅದಕ್ಕೆ ಗೊತ್ತಾಗುದಿಲ್ಲ. ಆದ್ರೂ ನಾನಾದ್ರೆ 2.02 ನೋಡಿ ಒಮ್ಮೆ ತಲೆ ಕೆರ್ಕೊಳ್ತಿದ್ದೆ.

ಕಾರವಾರದಿಂದ, ನೌಕಾಪಡೆಯಿಂದ ನಿವೃತ್ತ:
ವೆಸ್ಟ್‌ಸೇಲಿಗೂ ನಮಗೂ ದೂರದ ನೆಂಟಸ್ತಿಕೆ ಇದೆ. ಅದರ ಮೂಲ ಅಮೆರಿಕದ ವಿಲಿಯಂ ಆಟ್ಕಿನ್ ಅವರ ಎರಿಕ್ ಅನ್ನೋ ವಿನ್ಯಾಸ, ಅದಕ್ಕೂ ಹಿಂದೆ ನಾರ್ವೆಯ ಕಾಲಿನ್ ಆರ್ಚರ್ ಕಟ್ಟಿದ ರಕ್ಷಣಾ ದೋಣಿಗಳು. ಅದೇ ಎರಿಕ್ ನಕ್ಷೆ ಇಟ್ಕೊಂಡು ಮುಂಬೈಯಲ್ಲಿ ತೇಗದಲ್ಲಿ ಕಟ್ಟಿದ್ದೇ ಸುಹೈಲಿ, 1968-69ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಲ್ಲೂ ನಿಲ್ಲದೆ ಒಬ್ಬರೇ 312 ದಿನದಲ್ಲಿ ಭೂಮಿ ಸುತ್ತಿದ್ದು ಅದರಲ್ಲೇ. ಆದರೆ ಕೀಲ್ ಉದ್ದ ಇದೆ ಅಂತ ಮೈಮರೀಬೇಡಿ. ಸುಹೈಲಿಯ ಪ್ರತಿರೂಪ ತುರೀಯ ಗೋವಾದಲ್ಲಿ ಕಟ್ಟಿದ್ದು, 2018ರಲ್ಲಿ ಒಬ್ಬರೇ ಭೂಮಿ ಸುತ್ತೋ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಅದರ ಮಾಸ್ಟ್ (ಹಾಯಿಕಂಬ) ಮುರೀತು, ಓಡಿಸ್ತಿದ್ದ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಬೆನ್ನಿಗೆ ಪೆಟ್ಟಾಗಿ ಅವರನ್ನ ಬೇರೆ ಹಡಗು ಬಂದು ಎತ್ಕೊಳ್ತು. ಅವರು ಮತ್ತೆ ಅದೇ ರೇಸಿಗೆ ಉದ್ದ ಕೀಲಿನದೇ ರಸ್ಲರ್ 36 ತಗೊಂಡು ಹೋಗಿ 2023ರಲ್ಲಿ ಎರಡನೇ ಸ್ಥಾನ ಪಡೆದ್ರು. ಆದ್ದರಿಂದ 1976ರ ಬೋಟ್ ಅಂದ್ರೆ ನಾನು ಮೊದಲು ನೋಡೋದು ಮಾಸ್ಟ್ ಹಿಡಿದಿರೋ ತಂತಿ ಎಷ್ಟು ವರ್ಷದ್ದು, ಆ ತಂತಿಯನ್ನ ಬೋಟಿಗೆ ಬಿಗಿಯೋ ಚೈನ್‌ಪ್ಲೇಟ್ ಪಟ್ಟಿ ಬಿಚ್ಚಿ ನೋಡಿದಾರಾ, ಮುಂದೆ ಚಾಚಿರೋ ಬೌಸ್ಪ್ರಿಟ್ ಮರಕ್ಕೆ ಚೂರಿ ಚುಚ್ಚಿದ್ರೆ ಇಳಿಯುತ್ತಾ.

ಸಿಯಾಟಲ್‌ನಿಂದ:
ಹೆಂಡ್ತಿ ಸ್ಥಾನದಿಂದ ಒಂದು ಮಾತು. ಒಳಗೆ ಫ್ಲ್ಯಾಟ್ ತರ ಇದೆ ಅಂದ್ರಲ್ಲ, ಅದೇ ತೊಂದರೆ. ಬೋಟ್ ಎದ್ದು ಬೀಳೋವಾಗ ಅಷ್ಟಗಲದ ಜಾಗದಲ್ಲಿ ಕೈಗೆ ಸಿಗೋಕೆ ಏನೂ ಇರಲ್ಲ, ನಾನು ಆ ಗೋಡೆಯಿಂದ ಈ ಗೋಡೆಗೆ ಹಾರಿ ಪಕ್ಕೆ ಊದಿಸ್ಕೊಂಡಿದೀನಿ. ಹಿಂದಿನ ಡಬಲ್ ಬೆಡ್ ಬಂದರಿನಲ್ಲಿ ಮಾತ್ರ ಸುಖ, ಸಮುದ್ರದಲ್ಲಿ ನಡುಭಾಗದ ಕಿರಿದಾದ ಬೆಂಚಿಗೆ ತಡೆಬಟ್ಟೆ ಕಟ್ಕೊಂಡು ಮಲಗೋದೇ. ಇಬ್ರೂ ಹೋಗಿ ಎರಡರಲ್ಲೂ ಕಣ್ಣು ಮುಚ್ಕೊಂಡು ಮೆಟ್ಟಿಲಿಂದ ಟಾಯ್ಲೆಟ್‌ವರೆಗೆ ನಡೀರಿ, ಕೈ ಎಲ್ಲಿ ಬೀಳುತ್ತೆ ನೋಡಿ. ಸಾಮಾನಿನ ತೂಕನೂ ಲೆಕ್ಕ ಹಾಕಿ, ನೀರು ಡೀಸೆಲ್ ಅಕ್ಕಿ ಬೇಳೆ ಎಲ್ಲಾ ಸೇರಿ ಒಂದು ಟನ್ ಸುಲಭಕ್ಕೆ ದಾಟುತ್ತೆ, ಆರು ಟನ್ ಬೋಟಿಗೆ ಅದು ಜಾಸ್ತಿನೇ, ನೀವು ಎಣಿಸಿದ ವೇಗ ಆಮೇಲೆ ಸಿಗಲ್ಲ.

ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್. ಶನಿವಾರ ಇಬ್ರೂ ಹೋಗಿ ಕಣ್ಣು ಮುಚ್ಕೊಂಡು ನಡೆದ್ವಿ, 36 ಅಡಿದ್ರಲ್ಲಿ ಹೆಂಡ್ತಿ ಟೇಬಲ್ಲಿಗೆ ಮಂಡಿ ಹೊಡ್ಕೊಂಡ್ಲು, ಅಲ್ಲಿಗೆ ಅದರ ಕತೆ ಮುಗೀತು. ವೆಸ್ಟ್‌ಸೇಲಿಗೆ ಸರ್ವೇಯರ್ ಹೇಳಿದೀನಿ, ತಂತಿ ಹದಿನಾಲ್ಕು ವರ್ಷದ್ದಂತೆ, ಅದನ್ನ ಬೆಲೆಲಿ ಕಳೀಬೇಕು. ಒಂದು ಡೌಟು, ಮರೀನಾ ಬಾಡಿಗೆ 32 ಅಡಿಗೆ ತಾನೇ?

ಅಲಮೀಡಾದಿಂದ:
ಅಯ್ಯೋ ಎಲ್ಲಿ ಸಾರ್, ಬೌಸ್ಪ್ರಿಟ್ ಮೂಗೂ ಹಿಂದೆ ಚಾಚಿರೋ ಬೂಮ್ಕಿನ್ ದಂಡನೂ ಸೇರಿಸಿ ಅಳೀತಾರೆ, ಹತ್ತಿರ ಹತ್ತಿರ 40ಕ್ಕೆ ಕೊಡ್ಬೇಕು.