ಕೈಯಲ್ಲಿ ಹಿಡಿಯುವ ಶಾರ್ಟ್‌ವೇವ್ ರೇಡಿಯೋ: ಅನುಭವ ಇರುವವರು ಹೇಳಿ

ಹೊಸಬ
ಅಪ್ಪನ ಹಳೆಯ ಮೂರು ಬ್ಯಾಂಡಿನ ಸೆಟ್ಟು ಕೊನೆಗೂ ಮಾತು ನಿಲ್ಲಿಸಿತು. ರಿಪೇರಿಯವರು ಬಿಡಿಭಾಗ ಸಿಗುವುದಿಲ್ಲ ಎಂದು ಕೈ ತೊಳೆದುಕೊಂಡರು. ಅವರಿಗೆ ಎಂಬತ್ತೊಂದು ವಯಸ್ಸು. ಕೈ ನಡುಗುತ್ತದೆ, ಕಣ್ಣು ಮಂದ. ರಾತ್ರಿ ಮಲಗಿದಲ್ಲೇ ಶಾರ್ಟ್‌ವೇವ್ ಸುದ್ದಿ ಕೇಳುವ ಅಭ್ಯಾಸ. ದೊಡ್ಡ ತಿರುಗಣೆ, ಕಣ್ಣಿಗೆ ಕಾಣುವ ಅಂಕಿ, ಎಲ್ಲೆಡೆ ಸಿಗುವ ಸೆಲ್, ಇಷ್ಟು ಇದ್ದರೆ ಸಾಕು. ಬಾಡಿಗೆ ಮನೆ, ಹೊರಗೆ ತಂತಿ ಕಟ್ಟುವಂತಿಲ್ಲ. ಎಸ್‌ಎಸ್‌ಬಿ (ಹವ್ಯಾಸಿ ರೇಡಿಯೋದವರ ಮಾತನ್ನೂ ಬಿಡಿಸಿ ಕೇಳಿಸುವ ಸೌಲಭ್ಯವಂತೆ) ಬೇಕೇ ಬೇಡವೇ ಎಂಬುದೂ ತಿಳಿಯದು.

ಮೂರನೆಯ ರೇಡಿಯೋ
ಎಸ್‌ಎಸ್‌ಬಿ ಬೇಡ ಎಂದವರ ಮಾತು ಕೇಳಿ ಕೆಟ್ಟವನು ನಾನು. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲನೆಯದು ಅಗ್ಗದ್ದು, ಒಂದೇ ಪರಿವರ್ತನೆಯ ಸೆಟ್ಟು, ಅಂದರೆ ಬಂದ ತರಂಗವನ್ನು ಒಂದೇ ಸಲ ಕೆಳಗಿನ ಆವರ್ತನಕ್ಕೆ ಇಳಿಸುವಂಥದ್ದು. 9,500 ಕಿಲೋಹರ್ಟ್ಸ್‌ನಲ್ಲಿ ಗಟ್ಟಿಯಾಗಿ ಬರುವ ಕೇಂದ್ರ 8,590ರಲ್ಲಿಯೂ ಬಂದು ಕುಳಿತಿರುತ್ತಿತ್ತು. ನನಗೇನು ಗೊತ್ತು? ಎರಡು ತಿಂಗಳ ಕಾಲ ಹೊಸ ಕೇಂದ್ರ ಸಿಕ್ಕಿತೆಂದು ದಿನಾಂಕ, ಸಮಯ ಹಾಕಿ ಪುಸ್ತಕದಲ್ಲಿ ಬರೆದುಕೊಂಡೆ. ಯಾರೋ ಪುಣ್ಯಾತ್ಮರು 455ರ (ಸೆಟ್ಟು ಒಳಗೆ ಇಳಿಸಿಕೊಳ್ಳುವ ಕಿಲೋಹರ್ಟ್ಸ್ ಅದು) ಎರಡರಷ್ಟನ್ನು ಕೂಡಿಸಿ ನೋಡಿ ಎಂದರು. ಕೂಡಿಸಿದೆ. ನನ್ನ ಹದಿನಾಲ್ಕು 'ಹೊಸ' ಕೇಂದ್ರಗಳಲ್ಲಿ ಹನ್ನೊಂದು ಬರೀ ನೆರಳು! ಆ ಪುಸ್ತಕ ಇನ್ನೂ ಇದೆ, ತೆರೆಯುವುದಿಲ್ಲ.

ಎರಡನೆಯದು ದೊಡ್ಡ ಹೆಸರಿನದು, ಸೆಕೆಂಡ್ ಹ್ಯಾಂಡ್. ಹೆಸರು ಹೇಳುವುದಿಲ್ಲ. ಒಂದು ತಿಂಗಳ ಸಂಬಳದ ಅರ್ಧ ಅದಕ್ಕೆ ಹೋಯಿತು. ಸಾಗಣೆ ಮತ್ತು ಸುಂಕ ಸೇರಿ ಅದರ ಮೇಲೆ ಮತ್ತೊಂದು ಕಾಲು ಭಾಗ. ಒಂಬತ್ತು ತಿಂಗಳಿಗೆ ಧ್ವನಿ ಇಳಿಯತೊಡಗಿತು. ಹಿಂಬದಿ ಬಿಚ್ಚಿದರೆ ಕೊಳೆತ ಮೀನಿನಂಥ ವಾಸನೆ: ಒಳಗಿನ ಚಿಕ್ಕ ಕೆಪಾಸಿಟರ್‌ಗಳೆಲ್ಲ ಸೋರಿ, ಸರ್ಕ್ಯೂಟ್ ಹಲಗೆಯ ತಾಮ್ರದ ಗೆರೆಗಳನ್ನು ತಿಂದು ಹಾಕಿದ್ದವು. ಇಪ್ಪತ್ತಮೂರು ಕೆಪಾಸಿಟರ್ ಬದಲಾಯಿಸಿದ ಕೂಲಿ ಕೊಂಡ ಬೆಲೆಯ ಅರ್ಧ. ಬದಲಾಯಿಸಿದ ಮೇಲೆ ಎಫ್‌ಎಂ ಮಾತ್ರ ಬಂತು.

ಮೂರನೆಯದು ಟೆಕ್ಸನ್ ಪಿಎಲ್-660. ಆರು ವರ್ಷವಾಯಿತು. ಎರಡು ಪರಿವರ್ತನೆ, ಎಸ್‌ಎಸ್‌ಬಿ, ಸಿಂಕ್ (ಏರಿಳಿಯುವ ಕೇಂದ್ರವನ್ನು ಬಿಗಿಯಾಗಿ ಹಿಡಿದು, ತರಂಗದ ಒಂದು ಪಕ್ಕವನ್ನಷ್ಟೇ ಕೇಳಿಸುವ ಸೌಲಭ್ಯ) ಎಲ್ಲ ಇದೆ. ಪಕ್ಕದ ಕೇಂದ್ರ ಮೈಮೇಲೆ ಬಿದ್ದಾಗ ಸಿಂಕ್ ಒತ್ತಿ ಮೇಲಿನ ಪಟ್ಟಿಯೋ ಕೆಳಗಿನದೋ ಆರಿಸಿಕೊಂಡರೆ ಮಾತು ಬಿಡಿಸಿಟ್ಟಂತೆ ಕೇಳುತ್ತದೆ. 14,000ದಿಂದ 14,350ರವರೆಗಿನ ಹವ್ಯಾಸಿ ರೇಡಿಯೋದವರ ಮಾತು ಎಸ್‌ಎಸ್‌ಬಿ ಇಲ್ಲದಿದ್ದರೆ ಬರೀ ಬಾತುಕೋಳಿಯ ಕೂಗು. ಅದನ್ನೇ ಕೊಳ್ಳಿ, ಚರ್ಚೆ ಬೇಡ.

ತಾಮ್ರದ ತಂತಿ
ಮೇಲಿನವರು ಮೂರು ರೇಡಿಯೋ ಕೊಂಡರು. ನಾನು ಒಂದೇ ಕೊಂಡು ಉಳಿದ ಹಣವನ್ನು ತಂತಿಗೆ ಹಾಕಿದೆ. ರೇಡಿಯೋ ಯಾವುದಾದರೇನು, ಕೇಳಿಸುವುದು ಆಂಟೆನಾ.

ಆದರೂ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಆರಂಭದಲ್ಲಿ ಇಪ್ಪತ್ತು ಮೀಟರ್ ತಂತಿಯನ್ನು ಮರದಿಂದ ಕಿಟಕಿಗೆ ಎಳೆದು ನೇರವಾಗಿ ರೇಡಿಯೋದ ಆಂಟೆನಾ ತೂತಿಗೆ ಚುಚ್ಚಿದೆ. ಕೈರೇಡಿಯೋಗೆ ಅಷ್ಟು ತಂತಿ ಎಂದರೆ ಹಸುಗೂಸಿಗೆ ಬಿಂದಿಗೆಯಿಂದ ನೀರು ಕುಡಿಸಿದ ಹಾಗೆ. 49 ಮೀಟರ್ ಬ್ಯಾಂಡಿನ (6,000 ಕಿಲೋಹರ್ಟ್ಸ್ ಆಸುಪಾಸು) ದೊಡ್ಡ ಕೇಂದ್ರಗಳೆಲ್ಲ ಒಂದರೊಳಗೊಂದು ನುಗ್ಗಿ, ಎಲ್ಲಿ ತಿರುಗಿಸಿದರೂ ಅದೇ ಸಂತೆ. ಆ ಮೇಲೆ ಒಂದು ಸಂಜೆ ಗುಡುಗು. ಮಳೆ ಇನ್ನೂ ಬಿದ್ದಿರಲಿಲ್ಲ, ಸಿಡಿಲು ದೂರದಲ್ಲಿತ್ತು, ತಂತಿ ತೆಗೆಯಲು ಎದ್ದೆ, ಅಷ್ಟರಲ್ಲಿ 'ಟಿಕ್' ಎಂದಿತು. ಒಂದೇ ಟಿಕ್. ತಂತಿಯಲ್ಲಿ ಕೂಡಿಕೊಂಡ ಸ್ಥಾಯಿ ವಿದ್ಯುತ್ತಿಗೆ ಮುಂಭಾಗದ ಎಫ್‌ಇಟಿ ಎಂಬ ಟ್ರಾನ್ಸಿಸ್ಟರ್ ಸುಟ್ಟಿತ್ತು. ಆ ಬಿಡಿಭಾಗ ಬೆರಳ ಉಗುರಿಗಿಂತ ಸಣ್ಣದು, ಬಂದು ಸೇರಲು ಹನ್ನೊಂದು ವಾರ ತೆಗೆದುಕೊಂಡಿತು. ಹನ್ನೊಂದು ವಾರ ನಾನು ಗೋಡೆ ನೋಡಿಕೊಂಡು ಕುಳಿತೆ.

ಈಗ ತಂತಿಯ ತುದಿಯಲ್ಲಿ ಭೂಸಂಪರ್ಕವಿದೆ, ಕೆಲಸ ಮುಗಿದೊಡನೆ ಬಿಚ್ಚಿಡುತ್ತೇನೆ, ಬಲವಾದ ಸಂಕೇತವನ್ನು ತಗ್ಗಿಸುವ ಅಟೆನ್ಯುಯೇಟರ್ ಹಾಕಿದ್ದೇನೆ. ಮೊದಲು ಮನೆಯ ಮೇಲೆ ತಂತಿ ಕಟ್ಟಿ, ಆಮೇಲೆ ರೇಡಿಯೋ ಮಾತು.

ಮೂರನೆಯ ರೇಡಿಯೋ
ಹೊರಗೆ ತಂತಿ ಕಟ್ಟುವಂತಿಲ್ಲ ಎಂದು ಪ್ರಶ್ನೆಯಲ್ಲೇ ಇದೆಯಲ್ಲ ಸ್ವಾಮಿ. ಓದಿದಿರಾ?

ತಾಮ್ರದ ತಂತಿ
ಓದಿದೆ. ಕೈ ನಡುಗುತ್ತದೆ ಎಂದೂ ಇದೆ. ನಡುಗುವ ಕೈಗೆ ಸಿಂಕ್ ಗುಂಡಿ ಒತ್ತಲು ಹೇಳಿದವರು ನೀವು.

ಇರುಳು ಗೂಬೆ
ಇಬ್ಬರೂ ಒಂದು ಕ್ಷಣ ನಿಲ್ಲಿಸುತ್ತೀರಾ? ಈಗಿನ ಮನೆಗಳಲ್ಲಿ ರೇಡಿಯೋವನ್ನು ಕೊಲ್ಲುವುದು ಮನೆಯೇ. ನಾನು ಒಳ್ಳೆಯ ಸೆಟ್ಟು ಕೊಂಡು, ಕೆಟ್ಟಿದೆ ಎಂದು ಎರಡು ಬಾರಿ ವಾಪಸು ಕಳಿಸಿದವನು. ಎರಡು ಬಾರಿಯೂ ಸಾಗಣೆಯ ಖರ್ಚು ನನ್ನದೇ. ಮೂರನೆಯ ಬಾರಿ ಅಂಗಡಿಯವರು, ನಿಮ್ಮ ಮನೆಯನ್ನೇ ಕಳಿಸಿಕೊಡಿ, ರಿಪೇರಿ ಮಾಡುತ್ತೇವೆ ಎಂದರು. ಕೋಪ ಬಂತು. ಆದರೆ ಅವರು ಹೇಳಿದ್ದು ನಿಜವಾಗಿತ್ತು.

ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ರೇಡಿಯೋವನ್ನು ಸೆಲ್ಲಿನ ಮೇಲೆ ಹಾಕಿ 6,000ದ ಆಸುಪಾಸಿನ ಖಾಲಿ ಜಾಗದಲ್ಲಿ ನಿಲ್ಲಿಸಿದೆ. ಗರಗರ, ಗರಗರ. ಮೇನ್ ಸ್ವಿಚ್ ಇಳಿಸಿದೆ. ಕಿವಿಯಿಂದ ಹತ್ತಿ ತೆಗೆದಂತಾಯಿತು! ಗೋಡೆ ಗಡಿಯಾರದ ಸದ್ದು ಕೇಳಿಸಿತು, ಅದರ ಹಿಂದೆ ಯಾವುದೋ ಭಾಷೆಯ ಹೆಣ್ಣು ದನಿ, ಅದರ ಹಿಂದೆ ವೀಣೆಯಂಥದ್ದೇನೋ. ಕತ್ತಲಲ್ಲಿ ಹತ್ತು ನಿಮಿಷ ನಿಂತೇ ಇದ್ದೆ. ಆಮೇಲೆ ಫ್ಯೂಸ್ ಒಂದೊಂದಾಗಿ ಹಾಕುತ್ತಾ ಬಂದೆ. ಮೊಗಸಾಲೆಯ ಎಲ್‌ಇಡಿ ದೀಪ ಮೊದಲನೆಯದು. ಫೋನಿನ ಚಾರ್ಜರ್ ಎರಡನೆಯದು (ಫೋನ್ ಸಿಕ್ಕಿಸದಿದ್ದರೂ ಕಿರುಚುತ್ತಿತ್ತು). ಮೂರನೆಯದು ಹಗಲಿನಲ್ಲಿ ಮಾತ್ರ ಬರುವ ಗೊರಕೆ. ಹುಡುಕಲು ಆರು ವಾರ ಬೇಕಾಯಿತು, ಪಕ್ಕದ ಮನೆಯ ಸೌರ ಫಲಕದ ಇನ್ವರ್ಟರ್. ಅದಕ್ಕೆ ಮದ್ದಿಲ್ಲ. ಗದ್ದಲ ತಡೆಯಲು ತಂತಿಗೆ ಹಾಕುವ ಫೆರೈಟ್ ಉಂಗುರ ಹನ್ನೊಂದು ಕೊಂಡೆ, ಏಳು ದಂಡ. ಉಳಿದ ನಾಲ್ಕಕ್ಕೂ ತಂತಿಯನ್ನು ಏಳೆಂಟು ಸುತ್ತು ಸುತ್ತಿದ ಮೇಲೆಯೇ ಫಲ ಸಿಕ್ಕಿತು. ಒಂದೇ ಸುತ್ತು ಹಾಕಿ ಕೆಲಸ ಮಾಡುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಬೆಸುಗೆಗಾರ
ಎಲ್ಲರೂ ಹೊಸ ಸೆಟ್ಟುಗಳ ಭಜನೆ ಮಾಡುತ್ತಿದ್ದೀರಿ. 1985ರಲ್ಲಿ ಬಂದ ಸೋನಿ ಐಸಿಎಫ್-2010 (ಕೆಲವು ದೇಶಗಳಲ್ಲಿ 2001ಡಿ) ಇಂದಿಗೂ ನನ್ನ ತಲೆದಿಂಬಿನ ಪಕ್ಕದಲ್ಲಿದೆ. ಸಿಂಕ್ ಎಂದರೆ ಏನೆಂದು ಮನೆಮನೆಗೆ ತೋರಿಸಿಕೊಟ್ಟದ್ದು ಅದು. ಈಗಿನ ಡಿಎಸ್‌ಪಿ (ಸಂಕೇತವನ್ನು ಅಂಕಿಗಳಾಗಿಸಿ ಸಂಸ್ಕರಿಸುವ) ಚಿಪ್ಪಿನ ಆಟಿಕೆಗಳಲ್ಲಿ ಏನಾಗುತ್ತದೆ? ಕೇಂದ್ರ ದುರ್ಬಲವಾದೊಡನೆ ಚಿಪ್ಪು ತಾನೇ ದನಿ ತಗ್ಗಿಸುತ್ತದೆ. ನಾನು ಕೇಳಲು ಕುಳಿತಿರುವುದೇ ದುರ್ಬಲ ಕೇಂದ್ರವನ್ನು! ಅದು ಕೇಳಲು ಯೋಗ್ಯವೋ ಅಲ್ಲವೋ ಎಂದು ತೀರ್ಮಾನಿಸಲು ಚಿಪ್ಪು ಯಾರು? ತಿರುಗಣೆ ತಿರುಗಿಸಿದರೆ ಚಫ್, ಚಫ್, ಚಫ್. ಮುಳ್ಳು ಜಾರುವ ಸುಖ ಎಲ್ಲಿ ಹೋಯಿತು?

ಅಂಥದ್ದೊಂದು ನನಗೂ ಉಡುಗೊರೆಯಾಗಿ ಬಂದಿತ್ತು, ಹೆಸರು ಬೇಡ. ಮೈಗೆ ರಬ್ಬರ್ ಲೇಪನ. ನಾಲ್ಕು ವರ್ಷಕ್ಕೆ ಅದು ಕರಗಿ ಅಂಟಾಯಿತು. ಮುಟ್ಟಿದರೆ ಬೆರಳಿನ ಗುರುತು, ಇಟ್ಟರೆ ಪುಸ್ತಕದ ಹಾಳೆ ಹತ್ತಿಕೊಳ್ಳುತ್ತದೆ. ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಮೂರು ಭಾನುವಾರ ಉಜ್ಜಿದೆ. ಅಂಟಿನ ಜೊತೆಗೆ ಗುಂಡಿಗಳ ಮೇಲಿನ ಅಕ್ಷರಗಳೂ ಹೋದವು. ಈಗ ಯಾವ ಗುಂಡಿ ಯಾವುದೆಂದು ಊಹೆಯ ಮೇಲೆ.

ಚಿಪ್ಪಿನವ
ಬೆಸುಗೆಗಾರರೇ, ನಲವತ್ತು ವರ್ಷದ ಸೆಟ್ಟನ್ನು ಎಂಬತ್ತೊಂದರ ಹಿರಿಯರಿಗೆ ಕೊಡಿಸಬೇಕೇ? ಅದು ಕೆಟ್ಟರೆ ನೀವು ಹೋಗಿ ಬೆಸುಗೆ ಹಾಕುತ್ತೀರಾ? ನನ್ನ ಎಕ್ಸ್‌ಎಚ್‌ಡೇಟಾ ಡಿ-808 ಅಂಗೈಯಗಲ ಇದೆ. ಎಸ್‌ಎಸ್‌ಬಿ ಇದೆ, ವಿಮಾನಗಳ ಬ್ಯಾಂಡ್ ಇದೆ. ಒಮ್ಮೆಗೆ ಹಿಡಿಯುವ ಆವರ್ತನ ಪಟ್ಟಿಯ ಅಗಲವನ್ನು ಕಿರಿದಾಗಿಸುವ ಗುಂಡಿ ಒತ್ತಿದರೆ ಪಕ್ಕದ ಕೇಂದ್ರದ ಕಿರಿಕಿರಿ ತಗ್ಗುತ್ತದೆ. 2024ರ ಮೇ 10ರ ರಾತ್ರಿ ಸೂರ್ಯನ ಚಂಡಮಾರುತ ಬಂದಾಗ ನಾನು ಅದನ್ನೇ ಹಿಡಿದು ಕುಳಿತಿದ್ದೆ. ಬ್ಯಾಂಡ್‌ಗಳು ಒಂದೊಂದಾಗಿ ಸತ್ತಂತೆ ಮೌನವಾದವು. ರೇಡಿಯೋ ಕೆಟ್ಟಿತೆಂದು ಸೆಲ್ ಬದಲಾಯಿಸಿದೆ, ಮತ್ತೆ ಬದಲಾಯಿಸಿದೆ. ಮರುದಿನ ಪತ್ರಿಕೆ ನೋಡಿ ನಕ್ಕೆ.

ಬೆಸುಗೆಗಾರ
ನಾನು ಕೊಡಿಸಿ ಎಂದಿಲ್ಲ. ನನ್ನ ಬಳಿ ಇದೆ ಎಂದೆ.

ಚಿಪ್ಪಿನವ
ಹಾಗಾದರೆ ಅದು ಸಲಹೆಯಲ್ಲ, ಜಂಭ.

ಜೇಬಿನೊಳಗೆ ಎಲ್ಲ
ಕ್ಷಮಿಸಿ, ಒಂದು ಮಾತು. ಕೇಳಲು ಏನು ಉಳಿದಿದೆ? ಬಿಬಿಸಿ 2001ರಲ್ಲೇ ಉತ್ತರ ಅಮೆರಿಕಕ್ಕೆ ಶಾರ್ಟ್‌ವೇವ್ ಪ್ರಸಾರ ನಿಲ್ಲಿಸಿತು. ರೇಡಿಯೋ ನೆದರ್ಲೆಂಡ್ಸ್, ರೇಡಿಯೋ ಕೆನಡಾ ಇಂಟರ್‌ನ್ಯಾಷನಲ್ 2012ರಲ್ಲಿ ಹೋದವು, ರೇಡಿಯೋ ಆಸ್ಟ್ರೇಲಿಯಾ 2017ರಲ್ಲಿ. ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ, ಅಂತರ್ಜಾಲಕ್ಕೆ ಜೋಡಿಸಿದ ರೇಡಿಯೋ ಸ್ವೀಕಾರಕವನ್ನು ಫೋನಿನಲ್ಲೇ ತಿರುಗಿಸಿ ಕೇಳಬಹುದು. ನಾನು ಮೂರು ರೇಡಿಯೋ ಮಾರಿ ನೆಮ್ಮದಿಯಾಗಿದ್ದೇನೆ.

ಇರುಳು ಗೂಬೆ
ನೆಮ್ಮದಿಯಾಗಿರುವವರು ರಾತ್ರಿ ಎರಡು ಗಂಟೆಗೆ ರೇಡಿಯೋ ಚರ್ಚೆ ಓದುತ್ತಾ ಕುಳಿತಿರುವುದಿಲ್ಲ.

ತಾಮ್ರದ ತಂತಿ
2022ರ ಮಾರ್ಚ್‌ನಲ್ಲಿ ಯುಕ್ರೇನಿಗೆ ದಿನಕ್ಕೆ ನಾಲ್ಕು ಗಂಟೆ ಶಾರ್ಟ್‌ವೇವ್ ಮತ್ತೆ ಆರಂಭಿಸಿದ್ದು ಇದೇ ಬಿಬಿಸಿ. ಅಂತರ್ಜಾಲದ ಗೋಪುರ ಬೀಳಬಹುದು, ಅಯಾನುಗೋಳ (ಶಾರ್ಟ್‌ವೇವನ್ನು ಭೂಮಿಗೆ ಮರಳಿಸುವ ಮೇಲಿನ ವಾಯುಪದರ) ಬೀಳುವುದಿಲ್ಲ. ಅಲ್ಲದೆ ಫೋನಿನಲ್ಲಿ ದೂರದ ಸ್ವೀಕಾರಕ ತಿರುಗಿಸುವುದು ಬೇರೊಬ್ಬರ ಕಿಟಕಿಯಿಂದ ಮಳೆ ನೋಡಿದ ಹಾಗೆ.

ಜೇಬಿನೊಳಗೆ ಎಲ್ಲ
ಅಯಾನುಗೋಳ ಬಿದ್ದಿತ್ತಲ್ಲ, 2024ರ ಮೇ 10ರಂದು. ಮೇಲೆ ಒಬ್ಬರು ಬರೆದಿದ್ದಾರೆ.

ಮೂರನೆಯ ರೇಡಿಯೋ
ಸೆಲ್ಲಿನ ವಿಷಯ ಯಾರೂ ಎತ್ತಲಿಲ್ಲ, ಪ್ರಶ್ನೆ ಕೇಳಿದವರು ಕೇಳಿದ್ದರು. ಪಿಎಲ್-660ಗೆ ನಾಲ್ಕು ಎಎ ಸೆಲ್. ಯಾವ ಗೂಡಂಗಡಿಯಲ್ಲೂ ಸಿಗುತ್ತದೆ. ಡಿ-808ಕ್ಕೆ 18650, ಟಾರ್ಚಿನ ದಪ್ಪ ಸೆಲ್. ರಾತ್ರಿ ಹನ್ನೆರಡಕ್ಕೆ ಅದು ಮುಗಿದರೆ ಹಿರಿಯರು ಎಲ್ಲಿಗೆ ಹೋಗಬೇಕು?

ಚಿಪ್ಪಿನವ
ಚಾರ್ಜ್ ಮಾಡಬೇಕು. ಅದಕ್ಕೇ ಇರುವುದು. ನಿಮ್ಮ ಎಎ ಆಲ್ಕಲೈನ್ ಸೆಲ್ಲನ್ನು ಆರು ತಿಂಗಳು ಒಳಗೇ ಮರೆತು ನೋಡಿ. ನಾನು ಮರೆತಿದ್ದೆ. ಮುಚ್ಚಳ ತೆರೆದರೆ ಸ್ಪ್ರಿಂಗಿನ ಮೇಲೆ ಬಿಳಿಯ ಪುಡಿ, ಅಂಚಿಗೆ ಹಸಿರು, ನಡುವಿನ ತಗಡು ಸೋಕಿದರೆ ಉದುರುವಷ್ಟು ತುಕ್ಕು. ವಿನಿಗರ್ ಅದ್ದಿದ ಹತ್ತಿಯಿಂದ ಒರೆಸಿದಾಗ ನೊರೆ ಬಂತು, ಹೊಳೆಯಿತು, ಆದರೆ ಸ್ಪ್ರಿಂಗ್ ಮುರಿಯಿತು. ಪೆನ್ನಿನ ಸ್ಪ್ರಿಂಗ್ ಕತ್ತರಿಸಿ ಹಾಕಿದ್ದೇನೆ, ಅಲುಗಾಡಿಸಿದರೆ ಇನ್ನೂ ಆರಿಹೋಗುತ್ತದೆ.

ಮೂರನೆಯ ರೇಡಿಯೋ
ಆಲ್ಕಲೈನ್ ಯಾರು ಹಾಕಿ ಎಂದರು? ನಿಕಲ್ ಮೆಟಲ್ ಹೈಡ್ರೈಡ್ ಹಾಕಿ. ಸೆಲ್ಲಿಗೆ 1.2 ವೋಲ್ಟ್. ಚಾರ್ಜ್ ಆಗುತ್ತದೆ, ಆಲ್ಕಲೈನ್‌ನಂತೆ ಸೋರಿ ತಿನ್ನುವುದಿಲ್ಲ.

ಬೆಸುಗೆಗಾರ
1.2 ವೋಲ್ಟ್ ನಾಲ್ಕಾದರೆ 4.8. ಆರು ವೋಲ್ಟಿನ ಬದಲು. ಸಂತೋಷ.

ಮೂರನೆಯ ರೇಡಿಯೋ
ಆ ಸೆಟ್ಟಿನಲ್ಲಿ ಅದಕ್ಕೇ ಒಂದು ಹೊಂದಾಣಿಕೆ ಇದೆ. ಕೈಪಿಡಿ ಓದಿ ಮಾತನಾಡಿ.

ಮಿತಭಾಷಿ
ಹೊಸಬರೇ, ನಿಮಗೆ ಯಾರೂ ಉತ್ತರ ಕೊಟ್ಟಂತೆ ಕಾಣಲಿಲ್ಲ. ಸುದ್ದಿಗೆ ಎಸ್‌ಎಸ್‌ಬಿ ಬೇಡ. ಪ್ರಸಾರ ಕೇಂದ್ರಗಳು ಸಾಮಾನ್ಯ ಸೆಟ್ಟಿಗೂ ಸಿಗುವ ಎಎಂ ಬಗೆಯಲ್ಲಿರುತ್ತವೆ. ಅವರು ಕೇಳುವ ಮೂರು ನಾಲ್ಕು ಕೇಂದ್ರಗಳನ್ನು ಮೆಮೊರಿಯಲ್ಲಿ ಇಟ್ಟು, ಆ ಗುಂಡಿಗಳ ಮೇಲೆ ಬಣ್ಣದ ಪಟ್ಟಿ ಅಂಟಿಸಿ. ರಾತ್ರಿ ಕೈ ತಗುಲಿ ಬದಲಾಗದಂತೆ ಲಾಕ್ ಗುಂಡಿ ಇರುವುದನ್ನು ನೋಡಿ. ತಂತಿ ಹೊರಗೆ ಬೇಡ, ಕಿಟಕಿಯ ಪರದೆಯ ಕೊಳವೆಯುದ್ದಕ್ಕೆ ಮೂರು ಮೀಟರ್ ಇಳಿಬಿಟ್ಟು ಆಂಟೆನಾ ಕಡ್ಡಿಗೆ ಕ್ಲಿಪ್ ಹಾಕಿದರೆ ಸಾಕು. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ವೇಳಾಪಟ್ಟಿ ಬದಲಾಗುತ್ತದೆ, ಆಗ ಒಮ್ಮೆ ಸರಿಪಡಿಸಿ ಕೊಡಿ.

ತಾಮ್ರದ ತಂತಿ
ಮೂರು ಮೀಟರ್ ಒಳತಂತಿ ನನ್ನದೇ ಸಲಹೆ, ಮೊದಲೇ ಹೇಳುವವನಿದ್ದೆ.

ಇರುಳು ಗೂಬೆ
ಒಳಗಿನ ತಂತಿ ಮನೆಯ ಗದ್ದಲವನ್ನೇ ಮೊದಲು ಹೀರುತ್ತದೆ. ನಾನು ಬರೆದದ್ದು ಯಾರಿಗಾಗಿ?

ಹೊಸಬ
ಎಲ್ಲರಿಗೂ ನಮಸ್ಕಾರ. ಮಿತಭಾಷಿಯವರು ಹೇಳಿದಂತೆ ಪರಿಚಿತರ ಹತ್ತಿರ ಒಂದು ಸೆಟ್ಟನ್ನು ಎರವಲು ತಂದು, ನಾಲ್ಕು ಕೇಂದ್ರ ಕೂಡಿಸಿಟ್ಟು, ಗುಂಡಿಗೆ ಕೆಂಪು ಪಟ್ಟಿ ಅಂಟಿಸಿ ಅಪ್ಪನಿಗೆ ಕೊಟ್ಟೆ. ಒತ್ತಿದರು, ಬಂತು. ಎರಡನೆಯದು ಒತ್ತಿದರು, ಬಂತು. ವಾಪಸು ಕೊಟ್ಟುಬಿಟ್ಟರು. "ಒತ್ತಿದರೆ ಬರುವುದಾದರೆ ಹುಡುಕುವುದು ಯಾವಾಗ?" ಎಂದರು. ತಿರುಗಣೆ ತೋರಿಸಿದೆ. ಒಂದೊಂದು ಮೆಟ್ಟಿಲಾಗಿ ಹೋಗುತ್ತದೆ, ಜಾರುವುದಿಲ್ಲ ಎಂದು ಮುಖ ಸಿಂಡರಿಸಿದರು. ಅವರಿಗೆ ಮುಳ್ಳು ಇರುವುದು ಬೇಕಂತೆ. ಕೈ ನಡುಗಿದರೂ ಪರವಾಗಿಲ್ಲವಂತೆ.

ಬೆಸುಗೆಗಾರ
ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಆ ಕೆಟ್ಟ ಸೆಟ್ಟನ್ನು ಎಸೆಯಬೇಡಿ, ಹಿಂಬದಿ ಬಿಚ್ಚಿ ಒಳಗಿನ ಚಿತ್ರ ಕಳಿಸಿ. ಸಾಮಾನ್ಯವಾಗಿ ಬ್ಯಾಂಡ್ ಬದಲಿಸುವ ಸ್ವಿಚ್ಚಿನೊಳಗಿನ ಕೊಳೆಯೇ ಕಾರಣ.

ಚಿಪ್ಪಿನವ
ಅಥವಾ ಸೋರಿದ ಆಲ್ಕಲೈನ್. ಸೆಲ್ ಎಷ್ಟು ಹಾಕುತ್ತೀರಿ ಅದಕ್ಕೆ?

ಹೊಸಬ
ಮೂರು. ದೊಡ್ಡವು. ಈಗ ನೋಡಿದೆ, ಸ್ಪ್ರಿಂಗಿನ ಮೇಲೆ ಬಿಳಿಯ ಪುಡಿ ಇದೆ.

ಮೂರನೆಯ ರೇಡಿಯೋ
ನಿಕಲ್ ಮೆಟಲ್ ಹೈಡ್ರೈಡ್ ಹಾಕಿದ್ದರೆ ಹೀಗಾಗುತ್ತಿರಲಿಲ್ಲ.

ಬೆಸುಗೆಗಾರ
ಮೂರಕ್ಕೆ 3.6 ವೋಲ್ಟ್. ಸಂತೋಷ.